ಎಕ್ಸ್‌ರೇ ಗಾಡಿಗೆ ನಾನು ಆರಿಸಿದ ಪಿಕಪ್

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಾನು ಬಾಗಲಕೋಟೆಯ ಒಂದು ಧರ್ಮಾರ್ಥ ದವಾಖಾನೆಯಲ್ಲಿ ಡ್ರೈವರ್ ಆಗಿದ್ದೆ. ಕ್ಷಯ ರೋಗಿಗಳನ್ನು ಊರೂರಿಗೆ ಹೋಗಿ ಹುಡುಕಬೇಕೆಂದು ನಮ್ಮ ಡಾಕ್ಟರರು ಎಷ್ಟೋ ಕಡೆ ಅರ್ಜಿ ಬರೆದು ಒಂದು ಎಕ್ಸ್‌ರೇ ಗಾಡಿ ತರಿಸಿದ್ದರು. ಗಾಡಿ ಎಂದರೆ ಚಕ್ರದ ಮೇಲಿನ ಒಂದು ಕೋಣೆ. ಒಳಗೆ ಯಂತ್ರ, ಸುತ್ತ ಸೀಸದ ತಗಡು, ಒಂದು ಮೂಲೆಯಲ್ಲಿ ಜನರೇಟರ್. ಅದಕ್ಕೆ ಇಂಜಿನ್ ಇರಲಿಲ್ಲ, ಮುಂದಿನ ಚಕ್ರಗಳೂ ಇರಲಿಲ್ಲ. ಕಬ್ಬಿಣದ ಉದ್ದ ಕುತ್ತಿಗೆಯೊಂದು ಮುಂದಕ್ಕೆ ಚಾಚಿಕೊಂಡಿತ್ತು. ಅದನ್ನು ಎಳೆಯುವ ವಾಹನದ ಬೆನ್ನ ಮೇಲೆ ಕೂರಿಸಬೇಕು. ಆ ವಾಹನ ಗಾಡಿಯನ್ನು ಎಳೆಯುವುದಷ್ಟೇ ಅಲ್ಲ, ಅದರ ಭಾರದಲ್ಲಿ ಒಂದು ಪಾಲನ್ನು ಹೊರಲೂ ಬೇಕಿತ್ತು.

ಮಾರಾಟಕ್ಕೆ ಎರಡು ವಾಹನ ಸಿಕ್ಕವು. ಒಂದು, ಮಿಲಿಟರಿಯವರು ಹರಾಜಿಗೆ ಹಾಕಿದ್ದ ಹಳೆಯ ಟ್ರಕ್. ಇನ್ನೊಂದು, ಹೆಚ್ಚು ಓಡದ ಪಿಕಪ್.

"ಇದರಾಗ ನನಗೇನೂ ತಿಳಿಯೂದಿಲ್ಲಪಾ. ಓಡಸಾಂವ ನೀನು, ನೀನ ಆರಸು" ಎಂದರು ಡಾಕ್ಟರರು.

ಗ್ಯಾರೇಜಿನ ಮಿಸ್ತ್ರಿಯನ್ನು ನಾನು ಕಾಕಾ ಎನ್ನುತ್ತಿದ್ದೆ. ಗಾಡಿ ರಿಪೇರಿ ಮಾಡುವುದನ್ನು ನನಗೆ ಕಲಿಸಿದವರು ಅವರೇ. ಅವರು ಗಾಡಿಯ ಕುತ್ತಿಗೆಯನ್ನು ಪಿಕಪ್ಪಿನ ಮೇಲೆ ಇಳಿಸಿ, ಕುಕ್ಕರುಗಾಲಲ್ಲಿ ಕುಳಿತು, ಹಿಂದಿನ ಸ್ಪ್ರಿಂಗ್ ಎಷ್ಟು ಕುಸಿಯಿತೆಂದು ಬೆರಳಿಟ್ಟು ಅಳೆದರು.

"ಎಳಿತದ, ಅದರ ಚಿಂತಿ ಬ್ಯಾಡ. ಇಳಿಜಾರಿನ್ಯಾಗ ನಿಲ್ಲಸ್ತದೇನು ಅದನ್ನ ನೋಡು. ಹಿಂದಿನ ಗಾಡಿ ಇದಕ್ಕಿಂತ ಭಾಳ ವಜ್ಜಿ ಐತಿ."

"ಒಂದು ಸುತ್ತು ಓಡಿಸಿ ನೋಡ್ತೇನ್ರಿ ಕಾಕಾ."

ಎರಡನ್ನೂ ಓಡಿಸಿದೆ, ಬೆನ್ನ ಮೇಲೆ ಗಾಡಿ ಕೂರಿಸಿಕೊಂಡೇ, ಊರ ಹೊರಗಿನ ಸಪಾಟು ರಸ್ತೆಯಲ್ಲಿ. ಟ್ರಕ್ಕಿನ ಸ್ಟೀರಿಂಗ್ ತಿರುಗಿಸಿ ನನ್ನ ಹೆಗಲು ನೊಂದಿತು. ಪಿಕಪ್ಪಿನದು ಒಂದೇ ಕೈಗೆ ತಿರುಗುತ್ತಿತ್ತು. ಹೊಸ ವಾಹನದ ಸುಖ ಅಂದರೆ ಇದು ಎಂದುಕೊಂಡೆ. ಖರೆ ಹೇಳಬೇಕೆಂದರೆ ಮನಸ್ಸಿನಲ್ಲಿ ಇನ್ನೊಂದಿತ್ತು. ಇಳಕಲ್ಲಿನಲ್ಲಿ ನನ್ನ ಅಕ್ಕನ ಮನೆಯಿತ್ತು. ಅವ್ವ ಸತ್ತ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಅವಳ ಓಣಿಯ ಮುಂದೆ ಆ ಹಳೆಯ ಟ್ರಕ್ಕಿನಿಂದ ಇಳಿಯಲು ನನಗೆ ಮನಸ್ಸಿರಲಿಲ್ಲ.

ಪಿಕಪ್ಪೇ ಆಗಬಹುದೆಂದು ಡಾಕ್ಟರರಿಗೆ ಹೇಳಿದೆ.

ಅಕ್ಕ ಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಮೂರು ತಿಂಗಳಿಂದ ಕೆಮ್ಮುತ್ತಿದ್ದಳು. ನಾನು ಹೋದಾಗ ಕುಣಿಮಗ್ಗದಿಂದ ಏಳದೆಯೇ ಮಾತಾಡಿಸಿದಳು.

"ಅಕ್ಕಾ, ಬಾಗಲಕೋಟಿಗೆ ಬಾ. ದೊಡ್ಡ ದವಾಖಾನ್ಯಾಗ ಎದಿ ಫೋಟೋ ತೆಗಿಸೂಣು."

"ಮಗ್ಗ ಬಿಟ್ಟು ಎಲ್ಲಿ ಬರ್ಲೋ ತಮ್ಮಾ? ನಿನ್ನ ಗಾಡಿನ ನಮ್ಮೂರಿಗೆ ಬರ್ತೈತೆಲ್ಲ. ಆವಾಗ ಎಲ್ಲಾರಕಿಂತ ಮೊದಲ ನಾನ ನಿಲ್ತೇನಿ."

ನನಗೂ ಅದು ಸರಿಯೆನಿಸಿತು. ನನ್ನ ಗಾಡಿಯಲ್ಲೇ ಅವಳ ಫೋಟೋ ಆಗಲಿ ಎಂದು ಹಿಗ್ಗಿದೆ ಕೂಡ.

ಮೊದಲು ಬೇವೂರು, ಆಮೇಲೆ ಬಾದಾಮಿ ಮತ್ತು ಬನಶಂಕರಿ, ಅಲ್ಲಿಂದ ಹುನಗುಂದ, ಕೊನೆಗೆ ಇಳಕಲ್ ಎಂದು ಗಾಡಿಯ ಸುತ್ತು ಗೊತ್ತುಪಡಿಸಿದ್ದರು. ಬೇವೂರಿನ ಕೆಲಸ ಸುಸೂತ್ರ ಮುಗಿಯಿತು. ಬಾದಾಮಿ ಕಡೆಯ ಕೆಲಸ ಮುಗಿಸಿ ತಿರುಗಿ ಬರುವಾಗ, ಹಾಡುಹಗಲು, ಗುಡ್ಡದ ಇಳಿಜಾರಿನಲ್ಲಿ ಗಾಡಿ ಹಿಂದಿನಿಂದ ನನ್ನನ್ನು ನೂಕತೊಡಗಿತು. ಬ್ರೇಕ್ ಒತ್ತಿದೆ. ಪಿಕಪ್ ನಿಲ್ಲಲಿಲ್ಲ. ಸ್ಟೀರಿಂಗ್ ತಿರುಗಿಸಿದೆ, ಅದು ಸಲೀಸಾಗಿ ತಿರುಗಿತು, ಆದರೆ ವಾಹನ ತಿರುಗಲಿಲ್ಲ. ಬೆನ್ನ ಮೇಲಿನ ಭಾರಕ್ಕೆ ಮುಂದಿನ ಚಕ್ರಗಳು ನೆಲವನ್ನು ಗಟ್ಟಿಯಾಗಿ ಒತ್ತುತ್ತಲೇ ಇರಲಿಲ್ಲ. ನಾನು ಸುಖವೆಂದು ತಿಳಿದ ಹಗುರ ಅದೇ. ಗಾಡಿ ಪಕ್ಕಕ್ಕೆ ಬಂದು, ಪಿಕಪ್ಪನ್ನು ಅಡ್ಡ ತಿರುಗಿಸಿ, ಹೊಲದೊಳಗೆ ಉರುಳಿತು.

ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಗಾಡಿಯೊಳಗೆ ಯಾರೂ ಇರಲಿಲ್ಲ. ಯಂತ್ರ ಮಾತ್ರ ಒಡೆದಿತ್ತು. ಡಾಕ್ಟರರು ಬಂದು, ವಾಲಿದ ಬಾಗಿಲಿನಿಂದ ಒಳಗೆ ಇಣುಕಿ ನೋಡಿದರು. ನನ್ನನ್ನು ಬಯ್ಯಲಿಲ್ಲ. ಯಂತ್ರದ ಭಾಗಗಳು ದೂರದಿಂದ ಬರಬೇಕು, ಎಷ್ಟು ತಿಂಗಳಾಗುತ್ತದೋ ಗೊತ್ತಿಲ್ಲ ಎಂದಷ್ಟೇ ಹೇಳಿದರು.

ಆಮೇಲೆ ನಾನು ಮಾಡಿದ್ದನ್ನು ಇವತ್ತಿಗೂ ನನಗೇ ಹೇಳಿಕೊಳ್ಳಲಾಗುವುದಿಲ್ಲ. ಇಳಕಲ್ಲಿಗೆ ಹೋಗಿ ಅಕ್ಕನನ್ನು ಕೈ ಹಿಡಿದು ಬಸ್ಸು ಹತ್ತಿಸಬೇಕಿತ್ತು. ಹೋಗಲಿಲ್ಲ. ಗಾಡಿ ಕೆಡವಿದ ಡ್ರೈವರ್ ಆಗಿ ಅವಳ ಓಣಿಗೆ ಕಾಲಿಡಲು ನಾಚಿಕೆ. ಗಾಡಿ ದುರಸ್ತಿಗೆ ಹೋಗಿದೆ, ತುಸು ತಡವಾಗುತ್ತದೆ ಎಂದು ಒಂದು ಕಾರ್ಡು ಬರೆದು ಹಾಕಿದೆ. ಅವಳು ಆ ಮಾತನ್ನು ನಂಬಿ ಕಾದಳು. ಎರಡು ತಿಂಗಳು ಹಾಗೇ ಹೋದವು.

ಒಂದು ಬೆಳಿಗ್ಗೆ ಅವಳ ಗಂಡ, ನಮ್ಮ ಮಾವ, ಅವಳನ್ನು ಕರೆದುಕೊಂಡು ದವಾಖಾನೆಗೇ ಬಂದ. ಕೆಮ್ಮಿದಾಗ ರಕ್ತ ಬಿದ್ದಿತ್ತಂತೆ. ದೊಡ್ಡ ದವಾಖಾನೆಯಲ್ಲಿ ತೆಗೆಸಿದ ಫೋಟೋವನ್ನು ಡಾಕ್ಟರರು ಕಿಟಕಿಗೆ ಹಿಡಿದು ನೋಡಿದರು. ನನ್ನನ್ನು ಹೊರಗೆ ಕರೆದರು.

"ಮೊದಲ ತರಬೇಕಾಗಿತ್ತಪಾ. ಎರಡೂ ಕಡೆ ಭಾಳ ಹಬ್ಬೇತಿ."

ಇಂಜೆಕ್ಷನ್ ಕೊಟ್ಟರು, ಗುಳಿಗೆ ಕೊಟ್ಟರು. ನಾನು ದಿನಾಲೂ ಅವಳ ಮಂಚದ ಪಕ್ಕ ಕೂರುತ್ತಿದ್ದೆ. ಒಂದು ದಿನ ತಡೆಯಲಾರದೆ, ಆ ಪಿಕಪ್ಪನ್ನು ಆರಿಸಿದವನು ನಾನೇ, ಕಾಕಾ ಹೇಳಿದ್ದನ್ನು ಕೇಳಲಿಲ್ಲ ಎಂದು ಹೇಳಿಬಿಟ್ಟೆ. ಅವಳು ನನ್ನ ಮೊಣಕೈಯ ಗಾಯದ ಕಲೆ ಮುಟ್ಟಿ ನೋಡಿದಳು.

"ನಿನಗ ಭಾಳ ಪೆಟ್ಟಾಗಿತ್ತೇನು? ಕಾರ್ಡಿನ್ಯಾಗ ಅದನ್ಯಾಕ ಬರಿಲಿಲ್ಲ ನೀ?"

ಅವಳು ಬಯ್ದಿದ್ದರೆ ಎಷ್ಟೋ ಚಲೋ ಇತ್ತು. ಮಳೆಗಾಲ ಶುರುವಾಗುವ ಮೊದಲೇ ತೀರಿಕೊಂಡಳು.

ಮರುವರ್ಷ ಗಾಡಿ ಸರಿಯಾಯಿತು. ಅದನ್ನು ಎಳೆಯಲು ಕಾಕಾ ನೋಡಿ ಒಪ್ಪಿದ ಒಂದು ಟ್ರಕ್ ತಂದರು. ಬೇರೆ ಡ್ರೈವರನನ್ನು ನೋಡಿರಿ ಎಂದು ನಾನು ಕೇಳಿಕೊಂಡೆ, ಡಾಕ್ಟರರು ಒಪ್ಪಲಿಲ್ಲ. ಅದೇ ಗುಡ್ಡದ ಇಳಿಜಾರನ್ನು ಆ ಟ್ರಕ್ ಏನೂ ಆಗದಂತೆ ಇಳಿಯಿತು. ಇಷ್ಟು ಸುಲಭವಿತ್ತೇ ಎಂದುಕೊಂಡು, ಕೆಳಗೆ ಬಂದು ಬದಿಗೆ ನಿಲ್ಲಿಸಿ, ಗಾಡಿ ಉರುಳಿದ್ದ ಹೊಲದವರೆಗೆ ನಡೆದು ಹೋಗಿ ನೋಡಿ ಬಂದೆ.

ಇಳಕಲ್ಲಿನಲ್ಲಿ ನೇಕಾರರ ದೊಡ್ಡ ಸರದಿ ನಿಂತಿತ್ತು. ಮಾವನೂ ಬಂದು ಫೋಟೋ ತೆಗೆಸಿಕೊಂಡ. ಹೊರಗೆ ಬಂದವನು ಗಾಡಿಯ ತಗಡಿನ ಮೇಲೆ ಕೈಯಾಡಿಸಿದ.

"ಆಕಿ ದಾರಿ ಕಾದದ್ದು ಇದನ್ನ ಏನು?"

"ಹೂಂ ಮಾವಾ" ಎಂದೆ.

ಅವನು ಗಾಡಿಗೆ ಒಂದು ಸುತ್ತು ಬಂದು ನೋಡಿ, ಮನೆಯ ಕಡೆ ನಡೆದ.