ತಿಮ್ಮಣ್ಣ ಬದಲಿಸಿದ ಬ್ಯಾಟು

ತಿಮ್ಮಣ್ಣನ ಬಲಗೈ ಮೊಣಕೈಯಿಂದ ಕೆಳಗೆ ಸತ್ತಿದೆ. ಬೀಡಿ ಬೆರಳಿಗೆ ತಾಗಿ ಸುಟ್ಟರೂ ಗೊತ್ತಾಗುವುದಿಲ್ಲ, ವಾಸನೆ ಬಂದ ಮೇಲೆ ನೋಡಿಕೊಳ್ಳುತ್ತಾನೆ. ಹರೆಯದಲ್ಲಿದ್ದಾಗ ಸುರಪುರದ ಕಡೆಯ ಅವನ ಊರಲ್ಲಿ, ಕೇರಿಯವರ ಹೆಣ ಹೂಳಲು ಜಾಗ ಕೊಡಿ ಅಂತ ನಾವು ಸಂಘದವರು ಮೆರವಣಿಗೆ ಹೊರಟಿದ್ದೆವು. ಊರವರು ಬಡಿಗೆ ಹಿಡಿದು ಅಡ್ಡ ಬಂದರು, ಒಂದು ಏಟು ಅವನ ಮೊಣಕೈಗೆ ಬಿತ್ತು. ಎಲುಬು ಕೂಡಿತು, ನರ ಕೂಡಲಿಲ್ಲ. ಕೋರ್ಟಿನಲ್ಲಿ ಹೊಡೆದವರೆಲ್ಲರೂ ಬಿಡುಗಡೆಯಾದರು. ಜಾಗವೇನೋ ಸಿಕ್ಕಿತು, ಹಳ್ಳದ ದಂಡೆಗೆ, ಮಳೆಗಾಲದಲ್ಲಿ ನೀರು ನಿಲ್ಲುವಂಥದ್ದು.

"ಸತ್ತವರಿಗೆ ತಂಪು," ಅಂದಿದ್ದ ತಿಮ್ಮಣ್ಣ. ಅಷ್ಟೇ ಅಂದದ್ದು.

ಈಗ ಶಹಾಪುರದ ಹತ್ತಿ ಮಂಡಿಯಲ್ಲಿ ಹಮಾಲಿ. ಹತ್ತಿ ತುಂಬಿದ ಅಂಡಿಗೆ ಬೆನ್ನ ಮೇಲೆ ಹೊರುತ್ತಾನೆ. ಕೈಯ ಸುದ್ದಿ ಯಾರಾದರೂ ತೆಗೆದರೆ, "ಹೊರೂದು ಬೆನ್ನು, ಕೈಗೇನು ಕೆಲಸ?" ಅನ್ನುತ್ತಾನೆ.

ಮಗಳು ಪರಿಮಳಾ ಒಂಬತ್ತನೆಯ ಇಯತ್ತೆ. ಮೈಕಟ್ಟು ಸಣ್ಣದು, ಕಣ್ಣು ಚುರುಕು. ಆಕೆಯ ಸಾಲಿಯ ಪಿಟಿ ಟೀಚರು ಭುವನೇಶ್ವರಿ ಮೇಡಂ ಹುಡುಗಿಯರಿಗೆ ಬೇಸ್‌ಬಾಲ್ ಹಚ್ಚಿದ್ದಳು. ಕಬಡ್ಡಿಗೆ, ಖೊಖೊಗೆ ಊರಿಗೊಂದು ತಂಡ, ಇದಕ್ಕಾದರೆ ಪೈಪೋಟಿ ಕಡಿಮೆ, ಜಿಲ್ಲೆ ದಾಟಬಹುದು ಅನ್ನುವುದು ಆಕೆಯ ಲೆಕ್ಕ. ಸಾಲಿಯ ಒಂದೇ ಬ್ಯಾಟು ಹಿಡಿಯ ಹತ್ತಿರ ಸೀಳಿತ್ತು. ಭಾನುವಾರ ಯಾದಗಿರಿಯಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆ. ಪರಿಮಳಾಗೆ ಬ್ಯಾಟು ಬೇಕೇಬೇಕಿತ್ತು.

ಮೇಡಂ ಬಿಡಿಸಿ ಹೇಳಿದ್ದಳು. "ಹುಡುಗಿನ್ನ ಕರಕೊಂಡು ಹೋಗ್ರಿ. ಬ್ಯಾಟು ಕಾಲಿನ ಬಾಜು ನಿಲ್ಲಿಸಿದ್ರ ಹಿಡಿ ಆಕಿ ಅಂಗೈಗೆ ಹತ್ಬೇಕು. ಆಮ್ಯಾಲ ಒಂದ ಕೈಲೆ ಮುಂದ ಚಾಚಿ ಹಿಡಿಲಿ. ತೋಳು ನಡುಗ್ತಂದ್ರ ಅದು ಆಕಿದಲ್ಲ."

ತಿಮ್ಮಣ್ಣ ಕರೆದುಕೊಂಡು ಹೋಗಲಿಲ್ಲ. ಮಂಡಿಯ ಲಾರಿ ಯಾದಗಿರಿಗೆ ಹೊರಟಿತ್ತು, ಹತ್ತಿದ. ಆಟದ ಸಾಮಾನಿನ ಅಂಗಡಿಯ ಗಯಾಸ ತಲೆ ಎತ್ತದೆ ಕೇಳಿದ, "ಆಡಾಕೋ, ಗಾಡ್ಯಾಗ ಇಡಾಕೋ?"

"ಆಡಾಕ. ಮಗಳಿಗಿ."

ಗಯಾಸ ತಲೆ ಎತ್ತಿದ. "ಅರೇ! ಕಾಕಾ, ಇವತ್ತಿನ ತನಕ ಈ ಆಟದ ಒಂದು ಚಂಡು ಮಾರಿಲ್ಲ ನಾನು. ಬ್ಯಾಟು ಮಾತ್ರ ಖಾಲಿ ಆಗ್ತಾವ. ಜೀಪಿನೋರು ಒಯ್ದು ಸೀಟಿನ ಕೆಳಗ ಇಟ್ಕೋತಾರ."

ತಿಮ್ಮಣ್ಣ ಒಂದೊಂದಾಗಿ ಎತ್ತಿ ನೋಡಿದ. ಆ ಸತ್ತ ಕೈಗೆ ಎಲ್ಲದರ ತೂಕವೂ ಒಂದೇ. ಕಡೆಗೆ ಬಡಿಗೆ ಆರಿಸುವ ಹಾಗೆ ಆರಿಸಿದ. ನೆಲಕ್ಕೆ ಕುಟ್ಟಿದ, ಸಪ್ಪಳ ಕೇಳಿದ, ಬಿರುಕಿಲ್ಲದ್ದು, ಎಲ್ಲಕ್ಕಿಂತ ದಪ್ಪಂದು ತಂದ. ಹೆಂಡತಿ ಮಾನಮ್ಮನಿಗೂ ಸರಿ ಅನ್ನಿಸಿತು. "ಸಂಜಿಮುಂದ ಬಸ್ ಇಳಿದು ಒಬ್ಬಾಕಿ ಬರ್ತಾಳ. ಕೈಯಾಗ ಗಟ್ಟಿದೊಂದು ಇರ್ಲಿ."

ಮರುದಿನ ಮೈದಾನದಲ್ಲಿ ಪರಿಮಳಾ ಬೀಸಿದಳು. ಚಂಡು ದಾಟಿ ಹೋದ ಮೇಲೆ ಬ್ಯಾಟು ತಿರುಗಿತು. ಮತ್ತೊಂದು, ಅದೂ ಹಾಗೇ. ಒಂದು ತುದಿಗೆ ತಾಗಿ ಕಲೆ ಬಿಟ್ಟು ಹಿಂದಕ್ಕೆ ಹೋಯಿತು.

"ಚಂಡು ಮನಿಗಿ ಹೋಗಿ ಉಂಡ ಮ್ಯಾಲ ನಿನ್ನ ಬ್ಯಾಟು ಬಂತಲೇ," ಅಂದಳು ಮೇಡಂ. ಹುಡುಗಿಯರು ನಕ್ಕರು. ಚಾಚಿ ಹಿಡಿಯಲು ಹೇಳಿದಳು. ಬ್ಯಾಟಿನ ಮೂತಿ ನೆಲ ನೋಡಿತು. ಪರಿಮಳಾ ಅಳಲೂ ಇಲ್ಲ, ಏನೂ ಇಲ್ಲ. ನಿಂತಳು, ಅಪ್ಪನ ಹಾಗೆ.

ಮೇಡಂ ತಿಮ್ಮಣ್ಣನಿಗೆ ಹೇಳಿ ಕಳಿಸಿದಳು: ಒನಕೆ ತಂದೀರಿ, ಇದನ್ನ ಹಿಡಿದು ಬಂದರೆ ಆಕೆಯನ್ನ ಯಾರೂ ತಗೊಳ್ಳಲ್ಲ.

ಶನಿವಾರ ಅಪ್ಪ ಮಗಳು ಯಾದಗಿರಿಗೆ ಹೋದರು. ಗಯಾಸ ಕಲೆ ನೋಡಿ ತಲೆ ಅಲ್ಲಾಡಿಸಿದ. "ಬಳಸಿದ್ದು ವಾಪಸ್ ಹ್ಯಾಂಗ ತಗೋಬೇಕು ಕಾಕಾ? ಯಾರು ಒಯ್ತಾರ?"

ಅಂಗಡಿಯಲ್ಲಿ ಇನ್ನೊಬ್ಬ ಗಿರಾಕಿ ಇದ್ದ. ಬಿಳಿ ಅಂಗಿ, ಬೆರಳಲ್ಲಿ ಜೀಪಿನ ಚಾವಿ. ತಿಮ್ಮಣ್ಣನ ಕೈಯಿಂದ ಬ್ಯಾಟು ಇಸಕೊಂಡು ಗಾಳಿಯಲ್ಲಿ ಒಮ್ಮೆ ಬೀಸಿದ. "ನಾ ಒಯ್ತೀನಿ. ಕಲಿ ಇದ್ರೇನು, ನನಗೇನು ಆಡೂದೈತಾ?"

"ಮತ್ತ ಯಾತಕ್ರೀ?" ಕೇಳಿದ ತಿಮ್ಮಣ್ಣ.

"ಇರ್ಲಿ ಅಂತ. ನಮ್ಮೂರಾಗ ಕೆಲವು ಮಂದಿದು ಭಾಳ ಆಗ್ಯಾದ."

ಯಾವ ಮಂದಿ ಅಂತ ತಿಮ್ಮಣ್ಣನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಅಂಗಡಿಯ ಮೂಲೆಯಲ್ಲಿ ಪರಿಮಳಾ ಒಂದು ಹಗುರವಾದ ಅಲ್ಯುಮಿನಿಯಂ ಬ್ಯಾಟು ತೆಗೆದಿದ್ದಳು. ಕಾಲಿನ ಬಾಜು ನಿಲ್ಲಿಸಿದಳು, ಹಿಡಿ ಅಂಗೈಗೆ ಬಂತು. ಆಮೇಲೆ ಒಂದೇ ಕೈಯಲ್ಲಿ ಮುಂದಕ್ಕೆ ಚಾಚಿದಳು. ತೋಳು ನಡುಗಲಿಲ್ಲ. ಅಪ್ಪನ ಕಡೆ ನೋಡುತ್ತ ಹಾಗೇ ಹಿಡಿದುಕೊಂಡೇ ನಿಂತಳು, ಇಳಿಸಲೇ ಇಲ್ಲ.

"ಕಾಕಾ, ಹೇಳ್ರಿ," ಅಂದ ಗಯಾಸ. "ಇವರು ಅದನ್ನ ಒಯ್ದ್ರ ಇದು ನಿಮ್ದು. ಇಲ್ಲಂದ್ರ ನನ್ನ ಕೈಲೆ ಆಗೂದಿಲ್ಲ."

"ಕೊಡು," ಅಂದ ತಿಮ್ಮಣ್ಣ.

ಭಾನುವಾರ ಪರಿಮಳಾ ಚೆನ್ನಾಗಿಯೇ ಹೊಡೆದಳು. ತಂಡದಲ್ಲಿ ಹೆಸರು ಬಂತು.

ಇದನ್ನು ಅವನೇ ನಮ್ಮ ಸಂಘದ ಬೈಠಕ್‌ನಲ್ಲಿ ಹೇಳಿದ, ಯಾರೂ ಕೇಳದೆ, ಹತ್ತಿಯ ದರ ಹೇಳುವ ದನಿಯಲ್ಲಿ. ಆಮೇಲೆ ಹೊಸ ಹುಡುಗರಲ್ಲಿ ಒಬ್ಬ ಸಿಟ್ಟಿಗೆದ್ದ.

"ನಿನ್ನ ಕೈ ಮುರಿಸಿಕೊಂಡಾಂವ ನೀನು. ಅದ ಬಡಿಗಿ ಅವರ ಕೈಯಾಗ ಕೊಟ್ಟು ಬಂದಿ. ನಾಳೆ ಅದು ಯಾರ ಮೈಮ್ಯಾಲ ಬೀಳ್ತದ?"

"ಬೀಳ್ತದ," ಅಂದ ತಿಮ್ಮಣ್ಣ.

"ಅಂವ ಯಾವೂರಾಂವ ಅಂತಾದ್ರೂ ಕೇಳಿದೇನು?"

"ಇಲ್ಲ," ಅಂದ. "ಕೇಳಿದ್ರ ಕೊಡಾಕ ಆಗ್ತಿರಲಿಲ್ಲ."