ಹತ್ತು ಬೆರಳಿನ ಧ್ಯಾನ

ಗೇಟಿನ ಪಕ್ಕದ ಕೋಣೆಯಲ್ಲಿ ಕೂರುವ ಶಿವಗಂಗಾ ಫೋನುಗಳಿಗೆ ದೃಷ್ಟಿ ತೆಗೆಯುತ್ತಾಳೆ ಎಂದು ಪಂಚಾಕ್ಷರಿ ಪೂರಾ ಒಂದು ವಾರ ನಂಬಿದ್ದ.

ನಂಬಿದ್ದರಲ್ಲಿ ಅವನ ದಡ್ಡತನ ಅರ್ಧ, ನಿದ್ದೆಗೇಡಿತನ ಅರ್ಧ. ಜಿಗಣಿಯ ಆ ಕಾರ್ಖಾನೆಗೆ ಅವನು ಸೇರಿ ಹೆಚ್ಚು ದಿನವಾಗಿರಲಿಲ್ಲ. ಕಾರುಗಳ ಹೊಟ್ಟೆಯೊಳಗೆ ಹೋಗುವ ವೈರುಗಳನ್ನು ಜಡೆಯಂತೆ ಹೆಣೆದು ಕಳಿಸುವ ಕಾರ್ಖಾನೆ. ಆ ಜಡೆಗಳಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಬೊಮ್ಮನಹಳ್ಳಿಯ ರೂಮಿನಿಂದ ಕತ್ತಲಿರುವಾಗಲೇ ಹೊರಟು, ಕಂಪನಿ ಬಸ್ಸಿನ ಕಿಟಕಿಗೆ ಹಣೆ ಬಡಿಸಿಕೊಳ್ಳುತ್ತ ತೂಕಡಿಸಿ, ಇಳಿಯುವ ಹೊತ್ತಿಗೆ ತನ್ನಲ್ಲೇ ಎಷ್ಟೋ ವೈರು ಕಿತ್ತುಹೋದಂತೆ ಅವನಿಗೆ ಅನಿಸುತ್ತಿತ್ತು.

ಕಾರ್ಖಾನೆಯೊಳಗೆ ಫೋನು ಒಯ್ಯುವಂತಿರಲಿಲ್ಲ. ಗೇಟಿನ ಕೋಣೆಯಲ್ಲಿ ಪಾರಿವಾಳದ ಗೂಡಿನಂಥ ಮರದ ಖಾನೆಗಳಿದ್ದವು. ಎಲ್ಲರೂ ಅಲ್ಲಿ ಇಟ್ಟು ಒಳಗೆ ಹೋಗಬೇಕು. ಒಂದು ದಿನ ಬೆಳಿಗ್ಗೆ ಟೀ ಹೊತ್ತಿನಲ್ಲಿ ಪಂಚಾಕ್ಷರಿ ಆ ಕಡೆ ಹೋದಾಗ ಗಾಜಿನಾಚೆ ಕಂಡ ದೃಶ್ಯಕ್ಕೆ ನಿಂತೇಬಿಟ್ಟ. ಮೇಜಿನ ಮೇಲೆ ಹತ್ತು ಫೋನು. ಒಂದೊಂದರ ಮೇಲೂ ಒಂದೊಂದು ಬೆರಳು. ನಡುವಯಸ್ಸಿನ ಹೆಂಗಸೊಬ್ಬಳು ಕಣ್ಣು ಮುಚ್ಚಿ, ತುಟಿ ಬಿಗಿದು ಕೂತಿದ್ದಾಳೆ. ಫೋನುಗಳಿಂದ ದೇವರಮನೆಯ ಗಂಟೆಯಂಥ ಸಣ್ಣ ನಾದ ಬರುತ್ತಿದೆ. ಬೆಂಗಳೂರಲ್ಲಿ ಎಲ್ಲಕ್ಕೂ ಜನ ಇದ್ದಾರೆ, ಇದಕ್ಕೂ ಇರಬಹುದು ಎಂದುಕೊಂಡ. ಅವನ ಫೋನೂ ಕೆಲವು ದಿನದಿಂದ ಬಿಸಿಯಾಗಿ ತಾನಾಗಿಯೇ ಆಫ್ ಆಗುತ್ತಿತ್ತು. ವಾರವಿಡೀ ಯೋಚಿಸಿ, ಕೊನೆಗೆ ಧೈರ್ಯ ಮಾಡಿ ಬಾಗಿಲಲ್ಲಿ ತಲೆ ತೂರಿಸಿದ.

"ಅಕ್ಕಾ, ನಂದೂ ಒಂಚೂರು ನೋಡಿ. ಸಿಕ್ಕಾಪಟ್ಟೆ ಬಿಸಿಯಾಗುತ್ತೆ. ನಿಂಬೆಹಣ್ಣು ಏನಾದ್ರೂ ತರ್ಬೇಕಾ?"

ಆಕೆ ಒಂದೇ ಕಣ್ಣು ತೆರೆದಳು. "ನಿಂದೂ ಇಲ್ಲೇ ಐತಪಾ. ಎಡಗೈ ಕಿರುಬೆರಳಿನ ಬುಡಕ ನೋಡು. ಮಾತಾಡಸಬ್ಯಾಡ, ಬೆರಳ ಅಳ್ಳಾಡತಾವ."

"ಏನ್ ಮಾಡ್ತಿದೀರಾ?"

"ನಿನ್ನ ಧ್ಯಾನ."

ಅದು ಹೀಗೆ. ವೈಟ್‌ಫೀಲ್ಡಿನ ಹೆಡ್ಡಾಫೀಸಿನವರು ನೌಕರರ ಮನಶ್ಶಾಂತಿಗೆಂದು ‘ತಂಗಾಳಿ’ ಎಂಬ ಆ್ಯಪು ಕೊಂಡು ಎಲ್ಲರ ಫೋನಿಗೂ ಹಾಕಿಸಿದ್ದರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅದು ಗಂಟೆ ಬಾರಿಸುತ್ತದೆ. ಪರದೆಯ ಮೇಲೆ ನೀಲಿ ವೃತ್ತವೊಂದು ಹಿಗ್ಗುತ್ತದೆ, ಕುಗ್ಗುತ್ತದೆ. ಅದರ ಮೇಲೆ ಬೆರಳಿಟ್ಟು, ಅದರ ಲಯಕ್ಕೆ ಉಸಿರಾಡಬೇಕು. ಬೆರಳು ಜಾರಿದರೆ "ಮನಸ್ಸು ಅಲೆಯಿತು, ಮತ್ತೆ ಶುರು ಮಾಡೋಣ" ಎಂದು ಜೇನಿನಂಥ ದನಿಯೊಂದು ಹೇಳುತ್ತದೆ. ಆ ದನಿ ಕೇಳಿದರೆ ಪಂಚಾಕ್ಷರಿಗೆ ಯಾರ ಮೇಲಾದರೂ ಕೂಗಾಡಬೇಕು ಅನಿಸುತ್ತಿತ್ತು. ರೂಮಿನಲ್ಲಿ ಒಮ್ಮೆ ಅವನು ಅದರ ನಿದ್ರೆಯ ಪಾಠ ಹಾಕಿಕೊಂಡು ಮಲಗಿದ್ದ. ಇನ್ನೇನು ನಿದ್ದೆ ಹತ್ತಿತು ಅನ್ನುವಾಗ "ಚೆನ್ನಾಗಿ ನಿದ್ರಿಸುತ್ತಿದ್ದೀರಾ?" ಎಂದು ಕೇಳಿ ಅದೇ ಎಬ್ಬಿಸಿತ್ತು.

ಗಂಟೆ ಬಾರಿಸುವ ಹೊತ್ತಿಗೆ ಜಿಗಣಿಯ ಘಟಕದ ಫೋನುಗಳೆಲ್ಲ ಗೇಟಿನ ಗೂಡುಗಳಲ್ಲಿರುತ್ತವೆ ಎಂಬುದು ಹೆಡ್ಡಾಫೀಸಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮೊದಲ ತಿಂಗಳ ಧ್ಯಾನದ ಪಟ್ಟಿಯಲ್ಲಿ ಜಿಗಣಿ ಸೊನ್ನೆ. ಹೆಡ್ಡಾಫೀಸಿನ ಎಚ್‌ಆರ್ ಶೋಭಾರಾಣಿ ಮೇಡಂ ಜಿಗಣಿಯ ಮ್ಯಾನೇಜರ್ ಶ್ರೀಧರ್‌ಗೆ ಫೋನು ಮಾಡಿ, "ನಿಮ್ಮಲ್ಲಿ ಒಬ್ಬರಿಗೂ ನೆಮ್ಮದಿ ಇಲ್ವಾ ಶ್ರೀಧರ್?" ಎಂದು ಕೇಳಿದ್ದರು. ಇಲ್ಲ ಮೇಡಂ ಎನ್ನುವುದು ನಿಜವಾದ ಉತ್ತರವಾಗಿತ್ತು. ಆದರೆ ಶ್ರೀಧರ್ "ನೋಡ್ತೀನಿ ಮೇಡಂ" ಎಂದರು. ಫೋನನ್ನು ಒಳಗೆ ಬಿಟ್ಟರೆ ಗಿರಾಕಿ ಕಂಪನಿಯವರು ಬಿಡುವುದಿಲ್ಲ, ಹೊರಗಿಟ್ಟರೆ ಹೆಡ್ಡಾಫೀಸು ಬಿಡುವುದಿಲ್ಲ. ಹಾಗಾಗಿ ಪ್ಯಾಕಿಂಗಿನಲ್ಲಿದ್ದ ಶಿವಗಂಗಾಳನ್ನು ತಂದು ಫೋನು ಕೋಣೆಯಲ್ಲಿ ಕೂರಿಸಿ, ಎಲ್ಲರೂ ಲಾಕು ತೆಗೆದೇ ಫೋನು ಇಟ್ಟು ಹೋಗಬೇಕೆಂದು ಸಾರಿದರು. ಆಮೇಲೆ ಸೇರಿದ ಪಂಚಾಕ್ಷರಿಗೆ ಯಾಕೆಂದು ಯಾರೂ ಹೇಳಿರಲಿಲ್ಲ. ಗಂಟೆ ಬಾರಿಸಿದ ಮೇಲೂ ಆ್ಯಪು ಒಂದಿಷ್ಟು ಹೊತ್ತು ಕಾಯುತ್ತಿತ್ತು. ಹತ್ತು ಫೋನು ಮುಗಿದ ಮೇಲೆ ಇನ್ನು ಹತ್ತು, ಆಮೇಲೆ ಇನ್ನು ಹತ್ತು. ನಡುವೆ ಯಾರದಾದರೂ ಹೆಂಡತಿಯ ಕರೆ ಬಂದರೆ ಶಿವಗಂಗಾ ಬಗ್ಗಿ ಮೂಗಿನಿಂದ ಕಟ್ ಮಾಡುತ್ತಿದ್ದಳು.

"ನಿಮಗೆ ಬೇಜಾರಾಗಲ್ವಾ ಅಕ್ಕ?" ಎಂದು ಪಂಚಾಕ್ಷರಿ ಒಮ್ಮೆ ಊಟದ ಹೊತ್ತಿಗೆ ಕೇಳಿದ. ಆಕೆಯ ಡಬ್ಬಿಯ ಶೇಂಗಾ ಚಟ್ನಿಯ ಆಸೆಗೆ ಅವನು ದಿನಾ ಅಲ್ಲಿಗೆ ಬರಲು ಶುರು ಮಾಡಿದ್ದ.

"ಬ್ಯಾಸರಾ?" ಆಕೆ ನಕ್ಕಳು. "ಕುಷ್ಟಗಿ ಬಿಟ್ಟು ಬಂದಾಗ ನಿಮ್ಮ ವೈಟ್‌ಫೀಲ್ಡಿನ್ಯಾಗ ಬಿಲ್ಡಿಂಗಿಗಿ ಕಲ್ಲು ಹೊತ್ತೆ. ಆಮ್ಯಾಲ ಬೊಮ್ಮನಹಳ್ಳಿ ಗಾರ್ಮೆಂಟಿನ್ಯಾಗ ನಿಂತೆ. ಅಲ್ಲೇ ಈ ಬೆರಳಿಗಿ ಸೂಜಿ ಹೊಕ್ಕಿದ್ದು. ಇಲ್ಲಿ ಬಂದು ಪ್ಯಾಕಿಂಗಿನ್ಯಾಗ ಮತ್ತ ನಿಂತೆ. ಮಣಕಾಲ ನೋಡು, ಹೆಂಗ ಬಾತಾವ. ಡಾಕ್ಟರು ನಿಂದರಬ್ಯಾಡವ್ವಾ ಅಂದ್ರು. ನಿಂದರದ ಇದ್ರ ಯಾರ ಕೆಲಸ ಕೊಡ್ತಾರ? ಈ ಕುರ್ಚಿಗಿ ಬ್ಯಾಸರ ಅನ್ನು ಅಂತೀಯಲ್ಲ, ಹುಚ್ಚಪ್ಪಾ."

ಕುರ್ಚಿಯೆಂದರೆ ಅಂಥದ್ದೇನೂ ಅಲ್ಲ. ಒಂದು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ. ಕೆಳಗೆ ರಟ್ಟಿನ ಪೆಟ್ಟಿಗೆಯೊಂದನ್ನಿಟ್ಟು ಆಕೆ ಕಾಲು ಚಾಚಿಕೊಳ್ಳುತ್ತಿದ್ದಳು. ಆ್ಯಪು ನಿಂತುಹೋದರೆ, ಅಥವಾ ಇನ್ನೊಬ್ಬ ಮ್ಯಾನೇಜರ್ ಬಂದು ಇದೇನಿದು ಎಂದರೆ, ಮತ್ತೆ ಪ್ಯಾಕಿಂಗ್ ಮೇಜಿನ ಮುಂದೆ ನಿಲ್ಲಬೇಕು. ಇಲ್ಲವೇ ಮನೆಗೆ ಹೋಗಬೇಕು. ಆಕೆಯ ಗಂಡ ಹಣಮಂತ ಸೆಂಟ್ರಿಂಗ್ ಕೆಲಸದವನು. ವರ್ಷದಲ್ಲಿ ಅರ್ಧ ಕೆಲಸ, ಅರ್ಧ ಕಾಯುವುದು. ಮನೆಗೆ ಹೋಗುವ ಮಾತನ್ನು ಆಕೆ ಆಡುತ್ತಲೇ ಇರಲಿಲ್ಲ.

ತೊಂದರೆ ಶುರುವಾಗಿದ್ದು ಆಕೆಯ ಕೆಲಸ ಬಹಳ ಚೆನ್ನಾಗಿದ್ದುದರಿಂದ. ಜಿಗಣಿ ಸೊನ್ನೆಯಿಂದ ಏರಿ ಎಲ್ಲ ಘಟಕಗಳಲ್ಲೂ ಮೊದಲಾಯಿತು. ಅದರಲ್ಲೂ ಒಬ್ಬ ನೌಕರನ ಮನಸ್ಸು ಒಂದೇ ಒಂದು ಸಲವೂ ಅಲೆದಿಲ್ಲ ಎಂದು ಹೆಡ್ಡಾಫೀಸಿನವರು ಬೆರಗಾದರು. ಅವನು ಪಂಚಾಕ್ಷರಿ. ಆ ವಾರವಷ್ಟೇ ಅವನು ತಪ್ಪು ಜೋಡಿಸಿದ ವೈರಿನ ಕಟ್ಟೊಂದನ್ನು ನೆಲಕ್ಕೆಸೆದು ಲೈನ್ ಲೀಡರ್ ಹತ್ತಿರ ಬೈಸಿಕೊಂಡಿದ್ದ. ಅವನ ಫೋನು ಇರುತ್ತಿದ್ದುದು ಶಿವಗಂಗಾಳ ಎಡಗೈ ಕಿರುಬೆರಳಿನ ಕೆಳಗೆ. ಸೂಜಿ ಹೊಕ್ಕಮೇಲೆ ಆ ಬೆರಳು ಮಡಿಚುತ್ತಿರಲಿಲ್ಲ, ಅಲುಗುತ್ತಲೂ ಇರಲಿಲ್ಲ.

ಶೋಭಾರಾಣಿ ಮೇಡಂ ಬಂದು ಘಟಕಕ್ಕೆ ಫಲಕ ಕೊಡುತ್ತಾರೆ, ಪಂಚಾಕ್ಷರಿ ಎಲ್ಲರೆದುರು ಧ್ಯಾನ ಮಾಡಿ ತೋರಿಸಬೇಕು ಎಂದು ಸುದ್ದಿ ಬಂತು.

"ಅವರು ಬಂದ್ರ ನನ್ನ ಕುರ್ಚಿ ಉಳಿತೈತೇನಪಾ?" ಶಿವಗಂಗಾ ಕೇಳಿದಳು.

"ಏನಾಗಲ್ಲ ಅಕ್ಕ, ನಾನಿದೀನಲ್ಲ," ಎಂದ ಪಂಚಾಕ್ಷರಿ. ಬಸ್ಸಿನಲ್ಲಿ ತನ್ನ ಸೀಟನ್ನೇ ಉಳಿಸಿಕೊಳ್ಳಲಾಗದವನು ಇನ್ನೊಬ್ಬರ ಕುರ್ಚಿಗೆ ಜಾಮೀನು ನಿಂತಿದ್ದ.

ಆ ದಿನ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿದರು. ಬಾಳೆಕಾಯಿ ಬಜ್ಜಿ ಹಂಚಿದರು. ಗೋಡೆಯ ಮೇಲೆ ದೊಡ್ಡ ಪರದೆ. ಯಾರು ಯಾವಾಗ ಧ್ಯಾನ ಮಾಡುತ್ತಾರೆಂಬುದು ಆ ಕ್ಷಣವೇ ಅದರಲ್ಲಿ ಕಾಣುತ್ತದೆ ಎಂದು ಶೋಭಾರಾಣಿ ವಿವರಿಸಿದರು. ಪಂಚಾಕ್ಷರಿಯ ಫೋನನ್ನು ಮಾತ್ರ ಶ್ರೀಧರ್ ಮೊದಲೇ ಗೇಟಿನಿಂದ ತರಿಸಿದ್ದರು. ಅವನು ವೇದಿಕೆಯ ಕುರ್ಚಿಯಲ್ಲಿ ಕೂತು, ನೀಲಿ ವೃತ್ತದ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿದ. ಹಿಂದಿನ ದಿನ ರಾತ್ರಿಯವರೆಗೂ ಓಟಿ ಮಾಡಿದ್ದ. ಮೆತ್ತನೆಯ ಕುರ್ಚಿ. ತಲೆಯ ಮೇಲೆ ಫ್ಯಾನು. ಶಿವಗಂಗಾಳಿಗಾಗಿ ಇವತ್ತೊಂದು ದಿನ ಸರಿಯಾಗಿ ಉಸಿರಾಡಬೇಕು ಎಂದುಕೊಂಡದ್ದು ನೆನಪಿದೆ; ಆಮೇಲಿನದು ನೆನಪಿಲ್ಲ.

"ಮನಸ್ಸು ಅಲೆಯಿತು," ಎಂದಿತು ಜೇನಿನ ದನಿ.

"ಗೊರಕೆ ಹೊಡೀತಿದೆ ಕಣಮ್ಮಾ ಮನಸ್ಸು!" ಎಂದು ಹಿಂದಿನಿಂದ ಯಾರೋ ಕೂಗಿದರು. ಕ್ಯಾಂಟೀನು ಗೊಳ್ಳೆಂದಿತು. ಪಂಚಾಕ್ಷರಿ ಬೆಚ್ಚಿ ಎದ್ದ. ಶೋಭಾರಾಣಿಯೂ ನಕ್ಕು, "ಪರವಾಗಿಲ್ಲ, ಎಲ್ಲರೂ ನೋಡ್ತಿದಾರೆ ಅಂತ ಟೆನ್ಷನ್," ಎಂದರು. ಅಲ್ಲಿಗೆ ಮುಗಿಯಬಹುದಿತ್ತು.

ಅಷ್ಟರಲ್ಲಿ ಮಧ್ಯಾಹ್ನದ ಗಂಟೆಯ ಹೊತ್ತಾಗಿ ಪರದೆಯ ಮೇಲೆ ಹೆಸರುಗಳು ಹಸಿರಾಗತೊಡಗಿದವು. ಒಮ್ಮೆಗೇ ಒಂಬತ್ತೋ ಹತ್ತೋ. ಇವತ್ತು ಏನೇನು ಮಾಡಬೇಕು, ಏನೇನು ಮಾಡಬಾರದು ಎಂದು ಶ್ರೀಧರ್ ಎಲ್ಲರಿಗೂ ಹೇಳಿದ್ದರು. ಇವತ್ತು ಬೆರಳಿಡಬೇಡ ಎಂದು ಗೇಟಿನ ಕೋಣೆಗೆ ಹೋಗಿ ಹೇಳುವುದನ್ನು ಮರೆತಿದ್ದರು. ‘ಭುವನೇಶ್ವರಿ ಶಾಂತವಾಗಿ ಉಸಿರಾಡುತ್ತಿದ್ದಾರೆ’ ಎಂದು ಪರದೆ ತೋರಿಸಿತು.

"ಭುವನೇಶ್ವರಿ ಯಾರು?" ಶೋಭಾರಾಣಿ ಕೇಳಿದರು.

ಮುಂದಿನ ಸಾಲಿನಲ್ಲಿ ಕೂತಿದ್ದವಳು ಬಾಯಿತುಂಬ ಬಜ್ಜಿ ಇಟ್ಟುಕೊಂಡೇ ಕೈ ಎತ್ತಿದಳು.

"ನಿಮ್ಮ ಫೋನ್ ಎಲ್ಲಿದೆ?"

ಅವಳು ಶ್ರೀಧರ್ ಮುಖ ನೋಡಿದಳು. ಶ್ರೀಧರ್ ಫಲಕ ನೋಡಿದರು. "ಗೇಟಲ್ಲಿ, ಮೇಡಂ," ಎಂದಳು ಭುವನೇಶ್ವರಿ.

ಶೋಭಾರಾಣಿ ಮುಂದೆ, ಶ್ರೀಧರ್ ಅವರ ಹಿಂದೆ, ಅರ್ಧ ಕಾರ್ಖಾನೆ ಅವರ ಹಿಂದೆ ಗೇಟಿನತ್ತ ನಡೆಯಿತು. ಪಂಚಾಕ್ಷರಿ ಎಲ್ಲರನ್ನೂ ದಾಟಿ ಮೊದಲೇ ಓಡಿ ಹೇಳಬೇಕೆಂದುಕೊಂಡ. ನಿದ್ದೆಯಿಂದೆದ್ದ ಕಾಲು ಜೋಮು ಹಿಡಿದಿತ್ತು. ಕುಂಟುತ್ತ ಕೊನೆಗೆ ತಲುಪಿದ.

ಬಾಗಿಲು ತೆರೆದಾಗ ಶಿವಗಂಗಾಳ ಹತ್ತೂ ಬೆರಳು ಕೆಲಸದಲ್ಲಿದ್ದವು. ಯಾರದೋ ಕರೆ ಬಂದಿತ್ತು; ಆಕೆ ಬಗ್ಗಿ ಅದನ್ನು ಮೂಗಿನಿಂದ ಕಟ್ ಮಾಡಿ, ತಲೆಯೆತ್ತಿ ಮೇಡಂ ಮುಖ ನೋಡಿದಳು. ಬೆರಳು ತೆಗೆಯಲಿಲ್ಲ.

"ಒಂದೀಟ ನಿಂದರ್ರಿ ಮೇಡಂ. ಈ ಹತ್ತು ಮುಗೀಲಿ."

ಮೇಡಂ ನಿಂತರು. ಫೋನುಗಳೆಲ್ಲ ಒಟ್ಟಿಗೆ "ಅಭಿನಂದನೆಗಳು" ಎಂದವು.

"ಮೇಡಂ, ಇದು ನನ್ನ ಗಮನಕ್ಕೇ ಬಂದಿಲ್ಲ," ಶ್ರೀಧರ್ ಶುರು ಮಾಡಿದರು. "ಈ ಹೆಂಗಸು ತನ್ನಷ್ಟಕ್ಕೆ ತಾನೇ..."

"ನೀವೇ ಅಲ್ವಾ ಸಾರ್ ಕೂರ್ಸಿದ್ದು?"

ಕೇಳಿದ್ದು ತಾನೇ ಎಂದು ಪಂಚಾಕ್ಷರಿಗೆ ತಿಳಿದದ್ದು ಎಲ್ಲರೂ ತಿರುಗಿ ಅವನನ್ನು ನೋಡಿದ ಮೇಲೆ. ಬಾಯಿಂದ ಬಂದದ್ದನ್ನು ಒಳಗೆ ಹಾಕಿಕೊಳ್ಳಲು ಬರುವುದಿಲ್ಲ. ಇನ್ನಷ್ಟು ಹೇಳುವ ಧೈರ್ಯವೂ ಇರಲಿಲ್ಲ. "ಎಲ್ರಿಗೂ ಗೊತ್ತು ಮೇಡಂ," ಎಂದು ಮೆಲ್ಲಗೆ ಸೇರಿಸಿ ಗೋಡೆಗೆ ಒರಗಿದ.

ಶೋಭಾರಾಣಿ ಶ್ರೀಧರ್ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಫೋನುಗಳನ್ನು, ಗೂಡುಗಳನ್ನು, ರಟ್ಟಿನ ಪೆಟ್ಟಿಗೆಯ ಮೇಲೆ ಚಾಚಿದ್ದ ಬಾತ ಕಾಲುಗಳನ್ನು ನೋಡಿದರು. ಶಿವಗಂಗಾ ಏಳಲು ಹೋದಳು, ಮೇಜು ಹಿಡಿದು ಅರ್ಧ ಎದ್ದು ಮತ್ತೆ ಕೂತಳು.

"ಯಾರು ಹೇಳಿದ್ರು ಅನ್ನೋದು ಆಮೇಲೆ," ಎಂದರು ಶೋಭಾರಾಣಿ. "ನಿಮಗೆ ಗೊತ್ತಿತ್ತಲ್ವಾ ಇದು ಮೋಸ ಅಂತ? ಮತ್ತೆ ಯಾಕ್ ಮಾಡಿದ್ರಿ?"

"ಗೊತ್ತಿತ್ರಿ," ಎಂದಳು ಶಿವಗಂಗಾ. "ಕುಂತು ಮಾಡೂ ಕೆಲಸ ಅಂತ ನನಗ ಯಾರರ ಕೊಟ್ಟಿದ್ದು ಇದೊಂದ ರೀ."