ಅರವತ್ತು ಸಾವಿರವನ್ನು ಎರಡು ಸಾವಿರಕ್ಕೆ ಇಳಿಸಿದ್ದು

ಅರವತ್ತು ಸಾವಿರ ರೂಪಾಯಿಯ ಕಾಣಿಕೆಯೊಂದನ್ನು ಎರಡು ಸಾವಿರಕ್ಕೆ ಇಳಿಸಿದವಳು ನಾನು. ಕಳೆದುಕೊಂಡವಳು ಸುಮತಿ, ಕಳೆದುಕೊಂಡೆ ಎಂಬುದು ಕೂಡ ಅವಳಿಗೆ ನಾಲ್ಕು ವರ್ಷ ಗೊತ್ತಿರಲಿಲ್ಲ. ಅದರಲ್ಲಿ ಒಂದು ಪೈಸೆಯೂ ನನ್ನ ಕೈಗೆ ಬರಲಿಲ್ಲ. ಬಂದಿದ್ದರೆ ಕಳ್ಳತನ ಎನ್ನುವ ಹೆಸರಾದರೂ ಇರುತ್ತಿತ್ತು, ನಾಚಿಕೆಯೂ ಬೇಗ ಆಗುತ್ತಿತ್ತೇನೋ. ನಾನು ಅದನ್ನು ಸಲಹೆ ಎಂದು ಕರೆದುಕೊಂಡು ನೆಮ್ಮದಿಯಾಗಿದ್ದೆ.

ಮಾನೇಸರದ ಕಾರ್ಖಾನೆಗಳಿಗೆ ಎರಡು ಮೂರು ವರ್ಷದ ಮಟ್ಟಿಗೆ ಬರುವ ಹೊರದೇಶದ ಇಂಜಿನಿಯರುಗಳಿಗೆ ಗುರುಗ್ರಾಮದಲ್ಲಿ ಮನೆ, ಅಡುಗೆಯವರು, ಡ್ರೈವರು — ಎಲ್ಲವನ್ನೂ ಹೊಂದಿಸಿಕೊಡುವುದು ನನ್ನ ಕಸುಬು. ಉಡುಪಿ ಕಡೆಯವಳು. ಗಂಡ ಇಲ್ಲಿಯ ಹೋಟೆಲೊಂದರ ಗಲ್ಲಾದಲ್ಲಿದ್ದರು. ನಾನು ಹಿಂದಿ ಕಲಿತದ್ದು ತರಕಾರಿ ಗಾಡಿಯವರ ಜೊತೆ ಜಗಳವಾಡುತ್ತಾ. ಹೊಸ ಗಿರಾಕಿಗಳಿಗೆ ಮೊದಲ ದಿನವೇ ಒಂದು ಹಾಳೆ ಕೊಡುತ್ತೇನೆ: ಆಟೊಗೆ ಎಷ್ಟು, ಹೋಟೆಲಿನ ತಟ್ಟೆಯಲ್ಲಿ ಎಷ್ಟು ಬಿಡಬೇಕು, ಸಿಲಿಂಡರ್ ಹೊತ್ತು ತರುವವನಿಗೆ ಎಷ್ಟು, ದೀಪಾವಳಿಗೆ ಯಾರಿಗೆ ಎಷ್ಟು. ಪರದೇಶದಲ್ಲಿ ಮನುಷ್ಯ ದೊಡ್ಡ ಲೆಕ್ಕಕ್ಕೆ ಹೆದರುವುದಿಲ್ಲ. ಇಂಥ ಚಿಲ್ಲರೆಗೇ ಹೆದರುವುದು.

ಜಪಾನಿನಿಂದ ಬಂದ ಮೊರಿತಾ ಸಾಹೇಬರಂತೂ ತುಂಬ ಹೆದರಿದ್ದರು. ಅವರ ದೇಶದಲ್ಲಿ ಟಿಪ್ಸ್ ಎಂಬುದೇ ಇಲ್ಲ. ಒಂದು ಬೆಳಿಗ್ಗೆ ಫೋನು, ನನ್ನ ಹೆಸರಿಗೆ ತಮ್ಮ ಕಡೆಯ ಮರ್ಯಾದೆಯ 'ಸಾನ್' ಸೇರಿಸಿ — "ರೇವತಿ-ಸಾನ್, ಗೇಟಿನವರು ಸಲ್ಯೂಟ್ ಹೊಡೆದರು. ಏನು ಕೊಡಬೇಕು?"

"ಏನೂ ಬೇಡ ಸರ್. ನೀವೂ ಒಂದು ಹೊಡೆಯಿರಿ."

ಮರುದಿನದಿಂದ ಹೊಡೆದರು. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ.

ಅವರ ಮನೆಗೆ ಅಡುಗೆಗೆ ನಾನು ಹಾಕಿದ್ದು ಸುಮತಿಯನ್ನು. ಕುಂದಾಪುರದವಳು, ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಸಾಹೇಬರಿಗೆ ಟೈಫಾಯಿಡ್ ಬಂದಾಗ ಯಾರೂ ಹೇಳದೆಯೇ ಎರಡು ಹೊತ್ತೂ ಬಂದು ಗಂಜಿ ಬೇಯಿಸಿ, ಮಿಡಿ ಉಪ್ಪಿನಕಾಯಿಯ ಹುಳಿ ತಾಗಿಸಿ ಕುಡಿಸಿದಳು. ಅವರ ಊರಿನಲ್ಲೂ ಜ್ವರಕ್ಕೆ ಗಂಜಿಯೇ ಅಂತೆ. ಲೋಟ ಹಿಡಿದು ಆ ಮನುಷ್ಯ ಗೋಡೆಯ ಕಡೆ ತಿರುಗಿ ಕೂತದ್ದನ್ನು ನಾನೇ ನೋಡಿದ್ದೇನೆ.

ಹೊರಡುವ ವಾರ ನನ್ನನ್ನು ಕರೆಸಿದರು. ಸುಮತಿಗೆ ಅರವತ್ತು ಸಾವಿರ ಕೊಡಬೇಕೆಂದಿದ್ದೇನೆ, ಇಲ್ಲಿಯ ರೂಢಿಗೆ ಸರಿಯಾಗುತ್ತದೆಯೇ ಎಂದು ಕೇಳಿದರು.

"ರೂಢಿ ಎರಡು ಸಾವಿರ," ಎಂದೆ.

ಅವರು ಮೆಲ್ಲಗೆ, "ಹೆಚ್ಚು ಕೊಟ್ಟರೆ ಅವರಿಗೆ ಮುಜುಗರವಾಗುತ್ತದೆಯೇ?"

"ಹೌದು ಸರ್. ತುಂಬ ಮುಜುಗರವಾಗುತ್ತದೆ."

ಸುಳ್ಳು ಇಷ್ಟೇ. ಇಷ್ಟು ಚಿಕ್ಕದು.

ಒಬ್ಬರಿಗೆ ಅಷ್ಟು ಕೊಟ್ಟರೆ ಉಳಿದ ಮನೆಗಳ ಅಡುಗೆಯವರೂ ಕೇಳುತ್ತಾರೆ, ರೇಟು ಕೆಡುತ್ತದೆ — ಇದು ನಾನು ನನಗೆ ಕೊಟ್ಟುಕೊಂಡ ಕಾರಣ. ಅದರ ಕೆಳಗೆ ಇನ್ನೊಂದಿತ್ತು. ಲಕ್ಷ್ಮೀ ನಗರದ ಕೋಚಿಂಗ್ ಓಣಿಯಲ್ಲಿ ಒಂದು ಪುಟ್ಟ ಅಂಗಡಿಯನ್ನು ಸುಮತಿ ನೋಡಿಟ್ಟಿದ್ದಳು. ಓದಲು ಬಂದ ಮಕ್ಕಳಿಗೆ ಇಡ್ಲಿ, ನೀರು ದೋಸೆ. ಮುಂಗಡಕ್ಕೆ ದುಡ್ಡು ಸಾಲುತ್ತಿರಲಿಲ್ಲ. ಎಷ್ಟು ಸಾಲದೆಂಬುದು ನನಗೆ ಗೊತ್ತಿತ್ತು. ಅಂಗಡಿ ಇಟ್ಟರೆ ನನ್ನ ಅತ್ಯುತ್ತಮ ಅಡುಗೆಯವಳು ಹೋಗುತ್ತಾಳೆ, ಮುಂದಿನ ತಿಂಗಳೇ ಹೊಸ ಇಂಜಿನಿಯರು ಬರುವವನಿದ್ದಾನೆ — ಎಂದು… ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಆ ಅಂಗಡಿ ಮೊಮೊ ಮಾರುವವನ ಪಾಲಾಯಿತು. ಸುಮತಿ ಹೊಸ ಇಂಜಿನಿಯರನ ಮನೆಗೆ ಹೋದಳು.

ಕಳೆದ ಚಳಿಗಾಲದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸಿಗೆ ಅವಳು ಅಡುಗೆಮನೆಯಲ್ಲಿ ಬುದ್ಧಿ ಹೇಳುತ್ತಿದ್ದಳು. ನಾನು ಬಾಗಿಲ ಹೊರಗಿದ್ದೆ. "ಹೇಳಿದಷ್ಟು ಮಾಡು, ಮನೆಗೆ ನಡಿ. ಜ್ವರ ಗಿರ ಅಂತ ಮನಸ್ಸು ಹಚ್ಚಿಕೊಳ್ಳಬೇಡ. ನಾನು ಹಚ್ಚಿಕೊಂಡೆ, ಏನು ಸಿಕ್ಕಿತು? ಹೋಗುವಾಗ ಸಿಲಿಂಡರಿನವನಿಗೆ ಕೊಟ್ಟ ಹಾಗೆ ಕೊಟ್ಟು ಹೋದರು."

ಹಣ ಹೋದದ್ದು ಒಂದು. ಅವಳ ಕೈಯ ಧಾರಾಳವೇ ಹೋಗಿತ್ತು — ನನ್ನಿಂದ. ಅವಳ ಮನಸ್ಸಿನಲ್ಲಿ ಆ ಒಳ್ಳೆಯ ಮನುಷ್ಯ ಜಿಪುಣನಾಗಿ ಉಳಿದದ್ದೂ ನನ್ನಿಂದಲೇ.

ಮರುದಿನ ಐವತ್ತೆಂಟು ಸಾವಿರ ತೆಗೆದುಕೊಂಡು ಅವಳ ಮನೆಗೆ ಹೋದೆ. ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಅಚ್ಛಾ," ಎಂದಳು. "ಟೊಮೆಟೊಗೆ ಚೌಕಾಸಿ ಮಾಡ್ತೀರಿ, ಗೊತ್ತಿತ್ತು ಅಕ್ಕ. ನನಗೂ ಮಾಡಿದಿರಾ?"

ನಾನು ದುಡ್ಡಿನ ಕಟ್ಟನ್ನು ಅವಳ ಮುಂದಿಟ್ಟೆ.

"ದುಡ್ಡು ತಗೊಳ್ತೇನೆ, ಬಿಡುವ ಮಾತೇ ಇಲ್ಲ. ಆದರೆ ಮೊದಲು ಅವರಿಗೆ ಬರೀರಿ. ನನ್ನೆದುರೇ. ನಾಲ್ಕು ವರ್ಷ ಆ ಮನುಷ್ಯನನ್ನು ಬೈದಿದ್ದೇನೆ."

ಅವಳೆದುರೇ ಮೊಬೈಲಿನಲ್ಲಿ ಬರೆದೆ. ಎರಡು ದಿನಕ್ಕೆ ಉತ್ತರ ಬಂತು: ಸುಮತಿ-ಸಾನ್ ಹೇಗಿದ್ದಾರೆ, ಆ ಉಪ್ಪಿನಕಾಯಿ ಹಾಕುವ ಬಗೆಯನ್ನು ನನ್ನ ಹೆಂಡತಿಗೆ ಹೇಳಿಕೊಡುವರೇ? ನನ್ನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಸುಮತಿ ಎರಡು ಸಲ ಓದಿಸಿದಳು. ಎರಡನೆಯ ಸಲ ಅವಳ ಮುಖ ಮೊದಲಿನ ಹಾಗೆ, ಗಂಜಿ ಕಾಯಿಸುತ್ತಿದ್ದ ದಿನಗಳ ಹಾಗೆ ಕಂಡಿತು.

ಲಕ್ಷ್ಮೀ ನಗರದಲ್ಲಿ ಈಗ ಇನ್ನೊಂದು ಅಂಗಡಿ ಸಿಕ್ಕಿದೆ, ಮೊದಲಿನದಕ್ಕಿಂತ ಚಿಕ್ಕದು, ಓಣಿಯ ಇನ್ನೂ ಒಳಗೆ. ಶಟರಿಗೆ ಬಣ್ಣ ಆಗುತ್ತಿದೆ. ನನ್ನ ಕೆಲಸ ಅವಳು ಬಿಟ್ಟಾಯಿತು. ಪಾಲುದಾರಳಾಗಲೇ ಎಂದು ಕೇಳಿದೆ; ಬೇಡ ಎಂದಳು. ಸರಿಯಾಗಿಯೇ ಹೇಳಿದಳು.

ನೀವು ದುಬೈಗೋ ಟೋಕಿಯೊಗೋ ಕೆಲಸಕ್ಕೆ ಹೋಗುವವರಾದರೆ ಒಂದು ಮಾತು ಕೇಳಿ. ಆಟೊ, ಹೋಟೆಲು, ಗೇಟು — ಇವುಗಳ ರೂಢಿಯನ್ನು ಊರು ಬಲ್ಲವರನ್ನು ಕೇಳಿಯೇ ತಿಳಿಯಿರಿ, ಇಲ್ಲವಾದರೆ ಮೋಸ ಹೋಗುತ್ತೀರಿ. ಆದರೆ ನಿಮ್ಮನ್ನು ನೋಡಿಕೊಂಡವರಿಗೆ ಮನಸ್ಸಾರೆ ಕೊಡುವಾಗ ರೂಢಿ ಎಷ್ಟೆಂದು ಯಾರನ್ನೂ ಕೇಳಬೇಡಿ. ನೀವೇ ಕೊಡಿ, ಕೊನೆಯ ದಿನದ ಗಡಿಬಿಡಿಗೆ ಮೊದಲೇ ಕೊಡಿ. ಇಷ್ಟು ದುಡ್ಡು ಎಲ್ಲಿಂದ ಬಂತು ಎಂದು ಯಾರೂ ಅವರನ್ನು ಕೇಳದಂತೆ ಎರಡು ಸಾಲು ಬರೆದು ಸಹಿ ಹಾಕಿ. ಆ ಹೊತ್ತಿನಲ್ಲಿ ನನ್ನಂಥವಳು ಕೋಣೆಯಲ್ಲಿದ್ದರೆ, ಏನಾದರೂ ನೆಪ ಹೇಳಿ ಹೊರಗೆ ಕಳುಹಿಸಿ.